ಗುಲಾಮರ ನಡುವೆಯೂ ಮೇಲು-ಕೀಳು ಇತ್ತಾ? ಅವರೇ ಹೇಳಿಕೊಂಡ ಕತೆ ಓದಿದವರು ಸ್ವಲ್ಪ ಹೇಳಿ

ಬರೀಓದುಗ

ಕಳೆದ ವಾರ, ಗುಲಾಮರಾಗಿದ್ದು ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ಅವರ 1845ರ ಆತ್ಮಕತೆ ಓದಿದೆ. ಸಣ್ಣ ಪುಸ್ತಕ, ಎರಡು ರಾತ್ರಿ ಸಾಕಾಯಿತು. ಅಮೆರಿಕದ ಗುಲಾಮಗಿರಿ ಅಂದಮೇಲೆ ಹೊಡೆತ, ಹಸಿವು, ಹರಾಜು ಎಲ್ಲ ಇರುತ್ತದೆ ಅಂತ ಗೊತ್ತಿದ್ದೇ ಕೂತಿದ್ದೆ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಒಂದು ಪುಟ.

ಮೇರಿಲ್ಯಾಂಡಿನಲ್ಲಿ ಕರ್ನಲ್ ಲಾಯ್ಡ್ ಅಂತ ದೊಡ್ಡ ಜಮೀನ್ದಾರ. ಪಕ್ಕದಲ್ಲಿ ಜೇಕಬ್ ಜೆಪ್ಸನ್ ಅಂತ ಇನ್ನೊಬ್ಬ. ಇವರಿಬ್ಬರ ಗುಲಾಮರು ಎದುರಾದರೆ ಜಗಳವಿಲ್ಲದೆ ಹೋಗುತ್ತಿರಲಿಲ್ಲವಂತೆ. ಜಗಳ ಯಾವುದಕ್ಕೆ? ಯಾರ ಯಜಮಾನ ದೊಡ್ಡವನು ಅಂತ! ನಮ್ಮ ದೊರೆ ನಿಮ್ಮ ದೊರೆಯನ್ನೇ ಕೊಂಡು ಮಾರಬಲ್ಲ ಅಂತ ಇವರು. ನಮ್ಮವನು ನಿಮ್ಮವನಿಗೆ ನಾಲ್ಕು ಬಾರಿಸಬಲ್ಲ ಅಂತ ಅವರು. ಮಾತು ಬೆಳೆದು ಕೈಕೈ ಮಿಲಾಯಿಸುವವರೆಗೂ ಹೋಗುತ್ತಿತ್ತು. ಗುಲಾಮನಾಗಿರುವುದೇ ಕೆಟ್ಟದ್ದು, ಅದರಲ್ಲೂ ಬಡವನ ಗುಲಾಮನಾಗಿರುವುದು ಮರ್ಯಾದೆಗೇಡು ಅಂತ ಅವರು ತಿಳಿದಿದ್ದರು ಅಂತ ಡಗ್ಲಸ್ ಬರೆಯುತ್ತಾರೆ.

ಓದಿ ನಗು ಬಂತು. ನಕ್ಕಿದ್ದಕ್ಕೆ ಆಮೇಲೆ ಬೇಜಾರೂ ಆಯಿತು. ಮಾರಾಟದ ಸರಕಾಗಿದ್ದವರ ನಡುವೆ ಅಂತಸ್ತು ಅನ್ನೋದು ಎಲ್ಲಿಂದ ಬಂತು? ಈ ವಿಷಯ ಬೇರೆಯವರೂ ಬರೆದಿದ್ದಾರಾ?

ನೇರಮಾತು

ಇದಕ್ಕೆ ಇಷ್ಟು ಉದ್ದ ಪ್ರಶ್ನೆ ಯಾಕೆ? ಕರಿಯರ ಹೋರಾಟದ ನಾಯಕ ಮಾಲ್ಕಮ್ ಎಕ್ಸ್ 1963ರ ಭಾಷಣದಲ್ಲೇ ಹೇಳಿ ಮುಗಿಸಿದ್ದಾರೆ. ಗುಲಾಮರಲ್ಲಿ ಎರಡೇ ಜಾತಿ. ಮನೆಯಾಳು, ಹೊಲದಾಳು. ಯಜಮಾನನಿಗೆ ಕಾಯಿಲೆ ಬಂದರೆ ಮನೆಯಾಳು "ನಮಗೆ ಹುಷಾರಿಲ್ವಾ ದೊರೆ?" ಅಂತ ಕೇಳುತ್ತಿದ್ದ. ಮನೆಗೆ ಬೆಂಕಿ ಬಿದ್ದರೆ ಹೊಲದಾಳು ಗಾಳಿ ಜೋರಾಗಿ ಬೀಸಲಿ ಅಂತ ಬೇಡಿಕೊಳ್ಳುತ್ತಿದ್ದ. ಅಷ್ಟೇ ವಿಷಯ.

ಹಳೇಮೇಷ್ಟ್ರು

ನೇರಮಾತು ಅವರೇ, ಆ ಭಾಷಣ ಚೆನ್ನಾಗಿದೆ, ನಾನೂ ತರಗತಿಯಲ್ಲಿ ಹೇಳುತ್ತಿದ್ದೆ. ಆದರೆ ಅದು ತಮ್ಮ ಕಾಲದ ನಾಯಕರನ್ನು ಚುಚ್ಚಲು ಮಾಲ್ಕಮ್ ಹೂಡಿದ ಬಾಣ. ಗುಲಾಮರಾಗಿದ್ದವರೇ ಬರೆದದ್ದನ್ನು ಓದಿದರೆ ಚಿತ್ರ ಇಷ್ಟು ಸಲೀಸಾಗಿಲ್ಲ.

ಬರೀಓದುಗ, ನೀವು ಡಗ್ಲಸ್ ಅವರ 1855ರ ಎರಡನೇ ಆತ್ಮಕತೆಯನ್ನೂ ಓದಿ. ಮೊದಲನೆಯದು ಓಡಿ ಬಂದ ಏಳು ವರ್ಷಕ್ಕೆ ಬರೆದದ್ದು. ಎರಡನೆಯದರಲ್ಲಿ ನಿಧಾನವಾಗಿ ಕೂತು ನೋಡಿದ್ದಾರೆ. ಅದೇ ಲಾಯ್ಡ್ ಬಂಗಲೆಯ ಊಟದ ಮೇಜಿನ ಹಿಂದೆ 15 ಮಂದಿ ಗಂಡು, ಹೆಣ್ಣು ಆಳುಗಳು ನಿಂತಿರುತ್ತಾರೆ. ಕೆಲಸದ ಚುರುಕು ಮಾತ್ರ ನೋಡಿ ಆರಿಸಿದವರಲ್ಲ, ರೂಪ, ನಡೆ, ಮಾತು ಎಲ್ಲ ನೋಡಿ ಆರಿಸಿದವರು. ಹುಡುಗಿಯರ ಮೈಮೇಲೆ ದೊರೆಮಗಳು ನಾಲ್ಕು ಸಲ ಉಟ್ಟು ಬಿಟ್ಟ ರೇಷ್ಮೆ. ಇವರನ್ನು ಡಗ್ಲಸ್ "ಒಂದು ಥರದ ಕರಿಯ ಶ್ರೀಮಂತವರ್ಗ" ಅಂತಲೇ ಕರೆಯುತ್ತಾರೆ. ಇವರಿಗೂ ಹೊಲದವರಿಗೂ ನಡುವೆ ಇದ್ದ ದೂರ ಅಪಾರ, ಅದನ್ನು ದಾಟುವುದು ಅಪರೂಪ ಅನ್ನುತ್ತಾರೆ.

ಈಗ ಹೊಲದವರ ಪಾಲು ನೋಡಿ. ತಿಂಗಳ ಪಡಿ ಎಂಟು ಪೌಂಡ್ ಹಂದಿಮಾಂಸ ಅಥವಾ ಅಷ್ಟೇ ತೂಕದ ಮೀನು, ಒಂದು ಬುಷೆಲ್ (ಸುಮಾರು 35 ಲೀಟರ್ ಅಳತೆ) ಮೆಕ್ಕೆಜೋಳದ ಹಿಟ್ಟು. ಕೆಲಸಕ್ಕೆ ಬಾರದ ಸಣ್ಣ ಮಕ್ಕಳಿಗೆ ವರ್ಷಕ್ಕೆ ಎರಡು ಒರಟು ಅಂಗಿ ಮಾತ್ರ. ಅದು ಹರಿದರೆ ಮುಂದಿನ ಪಡಿ ಬರುವವರೆಗೂ ಬರಿಮೈ.

ಇವೆರಡರ ನಡುವೆ ಇನ್ನೊಂದು ಪದರ ಇದೆ, ಎಲ್ಲರೂ ಮರೆಯುವುದು ಇದನ್ನೇ. ಕುಶಲಕರ್ಮಿಗಳು. ಕಮ್ಮಾರ ಟೋನಿ, ಗಾಡಿ ಮಾಡುವ ಹ್ಯಾರಿ, ಚಪ್ಪಲಿ ಹೊಲಿಯುವ ಏಬೆಲ್. ಇವರ ಕೈಕೆಳಗೆ ಸಹಾಯಕರು ಬೇರೆ. ಚಿಕ್ಕವರು ಇವರನ್ನೆಲ್ಲ "ಅಂಕಲ್" ಅನ್ನಲೇಬೇಕು. ರಕ್ತ ಸಂಬಂಧ ಏನೂ ಇಲ್ಲ, ಹಿರಿಯರಿಗೆ ಕೊಡುವ ಮರ್ಯಾದೆ ಅಷ್ಟೇ. ನಾವು ಊರಿನ ಆಚಾರಿಯನ್ನೋ ಕಮ್ಮಾರನನ್ನೋ ಮಾವ, ದೊಡ್ಡಪ್ಪ ಅಂತ ಕರೆಯೋದಿಲ್ವಾ, ಹಾಗೆ. ಹಿರಿಯರಿಗೆ ಮರ್ಯಾದೆ ಕೊಡುವ ಕಟ್ಟಳೆ ಇವರಲ್ಲಿದ್ದಷ್ಟು ಬಿಗಿಯಾಗಿ ಬೇರೆ ಯಾರಲ್ಲೂ ಕಾಣಲಿಲ್ಲ ಅಂತ ಡಗ್ಲಸ್ ಹೇಳುತ್ತಾರೆ. ಅಂದರೆ ಯಜಮಾನ ಕೊಟ್ಟ ಅಂತಸ್ತು ಒಂದು. ತಾವು ತಾವೇ ಕೊಟ್ಟುಕೊಂಡ ಮರ್ಯಾದೆ ಇನ್ನೊಂದು. ಎರಡನ್ನೂ ಕಲಸಬಾರದು.

ಕಾಫಿತೋಟ

ಮೇಷ್ಟ್ರೇ, ಇದು ಓದುವಾಗ ನಮ್ಮ ಕಡೆ ಎಸ್ಟೇಟಿನ ಮೇಸ್ತ್ರಿ ನೆನಪಾದರು. ಅವರೂ ಲೈನ್ ಮನೆಯಲ್ಲೇ ಇರೋದು, ಬೆಳಿಗ್ಗೆ ಆಳು ಎಬ್ಬಿಸೋದೂ ಅವರೇ. ತಪ್ಪು ತಿಳಿಯಬೇಡಿ, ಕೂಲಿಯನ್ನೂ ಗುಲಾಮಗಿರಿಯನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಈ "ನಡುವಿನವನು" ಅನ್ನೋ ಕೆಲಸದ ಸಂಕಟ ಮಾತ್ರ ಗುರುತು ಸಿಕ್ಕಿತು.

ಸಾಲಮನ್ ನಾರ್ತಪ್ ಈ ಸಂಕಟವನ್ನು ಒಳಗಿನಿಂದ ಬರೆದಿದ್ದಾರೆ. ನ್ಯೂಯಾರ್ಕ್ ರಾಜ್ಯದಲ್ಲಿ ಸ್ವತಂತ್ರರಾಗಿ ಹುಟ್ಟಿದವರು. 1841ರಲ್ಲಿ ವಾಷಿಂಗ್ಟನ್‌ನಲ್ಲಿ ಅವರನ್ನು ಅಪಹರಿಸಿ ಲೂಸಿಯಾನಕ್ಕೆ ಮಾರಿದರು. 12 ವರ್ಷ ಅಲ್ಲೇ. ಎಪ್ಸ್ ಎಂಬ ಹತ್ತಿ ಬೆಳೆಗಾರನ ಹತ್ತಿರ ಅವರಿಗೆ "ಡ್ರೈವರ್" ಕೆಲಸ. ಗಾಡಿ ಓಡಿಸೋದಲ್ಲ. ಕೊರಳಿಗೆ ಚಾಟಿ ಹಾಕಿಕೊಂಡು ಜೊತೆಯ ಗುಲಾಮರಿಂದ ಕೆಲಸ ತೆಗೆಯೋದು. ಹೊಡೆಯದಿದ್ದರೆ ತನ್ನ ಬೆನ್ನಿಗೇ ಬೀಳುತ್ತದೆ.

ನಾರ್ತಪ್ ಏನು ಮಾಡಿದರು ಗೊತ್ತಾ? ಚಾಟಿ ಬೀಸುವುದರಲ್ಲಿ ಎಷ್ಟು ಪಳಗಿದರು ಅಂದರೆ, ಅದರ ತುದಿ ಬೆನ್ನು, ಕಿವಿ, ಮೂಗಿಗೆ ಕೂದಲೆಳೆ ದೂರದಲ್ಲಿ ಹಾರಿ ಹೋಗುತ್ತಿತ್ತು. ತಾಗುತ್ತಿರಲಿಲ್ಲ. ಎಪ್ಸ್ ದೂರದಲ್ಲಿ ಕಂಡರೆ ಇವರು ಜೋರಾಗಿ ಬೀಸುವುದು, ಅವರು ಮೈ ತಿರುಚಿ ಸತ್ತೆನೋ ಕೆಟ್ಟೆನೋ ಅಂತ ಕಿರುಚುವುದು. ಒಳ್ಳೆ ಬಯಲಾಟ! ಆದರೆ ಎಪ್ಸ್ ಪಕ್ಕದಲ್ಲೇ ನಿಂತಿದ್ದರೆ ಆಟ ನಡೆಯುತ್ತಿರಲಿಲ್ಲ. ಆಗ ನಿಜವಾಗಿಯೇ ಹೊಡೆಯಬೇಕಿತ್ತು. ಅದನ್ನೂ ಮುಚ್ಚಿಟ್ಟಿಲ್ಲ.

ಬರೀಓದುಗ

ನಾರ್ತಪ್ ಪಿಟೀಲು ಬಾರಿಸುತ್ತಿದ್ದರಲ್ವಾ? ಅದಕ್ಕೂ ಬೆಲೆ ಸಿಗುತ್ತಿತ್ತಾ?

ಕಾಫಿತೋಟ

ಸಿಗದೆ ಏನು! ಒಂದು ಸಲ ಒಂದು ಮನೆಯ ಕುಣಿತಕ್ಕೆ ಬಾರಿಸಿ 17 ಡಾಲರ್ ಇನಾಮು ಕೂಡಿತು. ಜೊತೆಯವರ ಕಣ್ಣಿಗೆ ತಾನು ಲಕ್ಷಾಧೀಶನಾಗಿಬಿಟ್ಟೆ ಅಂತ ಬರೆದುಕೊಂಡಿದ್ದಾರೆ. ಆದರೆ ಇಷ್ಟೆಲ್ಲ ಇದ್ದ ಮನುಷ್ಯ ಹತ್ತಿ ಬಿಡಿಸುವುದರಲ್ಲಿ ಮಾತ್ರ ದಡ್ಡ. ದಿನಕ್ಕೆ 200 ಪೌಂಡ್ ಸಾಮಾನ್ಯ ಲೆಕ್ಕ, ಇವರಿಗೆ ಅದೂ ಆಗುತ್ತಿರಲಿಲ್ಲ. ಅದೇ ತೋಟದ ಪ್ಯಾಟ್ಸಿ ಎಂಬ ಹೆಣ್ಣುಮಗಳು 500 ಪೌಂಡ್ ಬಿಡಿಸುತ್ತಿದ್ದಳು. ಹೊಲದಲ್ಲಿ ಅವಳೇ ರಾಣಿ ಅಂತ ಇವರೇ ಹೊಗಳುತ್ತಾರೆ. ಆ ತೋಟದಲ್ಲಿ ಎಲ್ಲರಿಗಿಂತ ಜಾಸ್ತಿ ಪೆಟ್ಟು ತಿಂದದ್ದೂ ಅವಳೇ.

ನೇರಮಾತು

ಸರಿ, ನಾನು ಸ್ವಲ್ಪ ದುಡುಕಿದೆ. ಆದರೂ ಒಂದು ಮಾತು ಹೇಳಲೇಬೇಕು. ರೇಷ್ಮೆ, ಪಿಟೀಲು, 17 ಡಾಲರ್ ಅಂತ ನಾವು ಹೇಳುತ್ತಾ ಹೋದರೆ "ನೋಡಿ, ಅಷ್ಟೇನೂ ಕಷ್ಟ ಇರಲಿಲ್ಲ" ಅನ್ನುವವರ ಬಾಯಿಗೆ ಸಕ್ಕರೆ ಹಾಕಿದ ಹಾಗೆ ಆಗಲ್ವಾ? 1860ರ ಜನಗಣತಿಯಲ್ಲಿ ಅಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಅದರಲ್ಲಿ ಎಷ್ಟು ಜನರ ಕೈಲಿ ಪಿಟೀಲಿತ್ತು?

ಹಳೇಮೇಷ್ಟ್ರು

ನ್ಯಾಯವಾದ ಪ್ರಶ್ನೆ. ಇದಕ್ಕೆ ನಾನು ಉತ್ತರ ಕೊಡುವ ಬದಲು ಎರಡು ಕತೆ ಹೇಳುತ್ತೇನೆ.

ಲಾಯ್ಡ್ ಕುದುರೆ ಲಾಯ ನೋಡಿಕೊಳ್ಳುತ್ತಿದ್ದವರು ಇಬ್ಬರು ಬಾರ್ನಿಗಳು, ಅಪ್ಪ ಮತ್ತು ಮಗ. ಲಾಯ್ಡ್‌ಗೆ ಕುದುರೆ ಅಂದರೆ ಪ್ರಾಣ. ಹಾಗಾಗಿ ನಂಬಿಕಸ್ಥರಿಗಷ್ಟೇ ಆ ಕೆಲಸ. ನಮ್ಮ ಲೆಕ್ಕದಲ್ಲಿ ಮೇಲಿನ ಅಂತಸ್ತು ಅಲ್ವಾ? ಕುದುರೆ ಮೈಮೇಲೆ ಒಂದು ಕೂದಲು ಅಡ್ಡ ಕಂಡರೆ ಸಾಕು, ಐವತ್ತು ದಾಟಿದ ಆ ಬೋಳುತಲೆಯ ಮುದುಕನನ್ನು ಒದ್ದೆ ನೆಲದ ಮೇಲೆ ಮಂಡಿಯೂರಿಸಿ ಮೂವತ್ತಕ್ಕೂ ಜಾಸ್ತಿ ಏಟು ಹೊಡೆದದ್ದನ್ನು ಬಾಲಕ ಡಗ್ಲಸ್ ಕಣ್ಣಾರೆ ಕಂಡಿದ್ದರು. ತಾನು ಹೀಗೆ ಮಾಡಿಲ್ಲ ಅಂತ ಬಾರ್ನಿ ಹೇಳುವಂತಿಲ್ಲ. ಬಾಯಿ ತೆರೆಯುವುದೇ ತಪ್ಪು.

ಇನ್ನೊಂದು ನಾರ್ತಪ್ ಹೇಳುವ ಎಲೈಜಾಳ ಕತೆ. ಬೆರ್ರಿ ಎಂಬ ಯಜಮಾನನ ಜೊತೆ ಒಂಬತ್ತು ವರ್ಷ ಸಂಸಾರ ಮಾಡಿದಂತೆ ಇದ್ದಳು. ಅವನಿಂದ ಎಮಿಲಿ ಎಂಬ ಮಗಳು. ರೇಷ್ಮೆ ಬಟ್ಟೆ, ಒಡವೆ, ಅವಳ ಸೇವೆಗೇ ಆಳುಗಳು. ಬಿಡುಗಡೆ ಪತ್ರ ಕೊಡಿಸುತ್ತೇವೆ ಬಾ ಅಂತ ಅವಳನ್ನು ವಾಷಿಂಗ್ಟನ್‌ಗೆ ಕರೆತಂದರು. ಒಳ್ಳೆ ಬಟ್ಟೆ ಹಾಕಿಕೊಂಡು ಮಕ್ಕಳ ಕೈ ಹಿಡಿದು ಬಂದಳು. ಅಲ್ಲಿ ಕಾದಿದ್ದದ್ದು ಗುಲಾಮರ ವ್ಯಾಪಾರಿ. ನ್ಯೂ ಆರ್ಲಿಯನ್ಸ್‌ನಲ್ಲಿ ಮಗನನ್ನು ಒಬ್ಬ ಕೊಂಡ. ಮಗಳನ್ನು ವ್ಯಾಪಾರಿ ತಾನೇ ಇಟ್ಟುಕೊಂಡ, ಮುಂದೆ ಜಾಸ್ತಿ ದುಡ್ಡು ಬರುತ್ತದೆ ಅಂತ. ಎಲೈಜಾ ಹೊಸ ಯಜಮಾನನ ಮನೆಕೆಲಸಕ್ಕೆ ಬಂದಳು. ಮಕ್ಕಳಿಗಾಗಿ ಅಳುವುದೇ ಜಾಸ್ತಿ, ಕೆಲಸ ಕಡಿಮೆ ಅಂತ ಮನೆಯಿಂದ ಹೊಲಕ್ಕೆ ತಳ್ಳಿದರು. ಆಮೇಲೆ ಇನ್ನೊಬ್ಬನಿಗೆ ದಾಟಿಸಿದರು. ಕೊರಗಿ ಕೊರಗಿ ಸತ್ತಳು.

ಅಂತಸ್ತು ಇತ್ತು. ಊಟದಲ್ಲಿ, ಬಟ್ಟೆಯಲ್ಲಿ, ಮಲಗುವ ಜಾಗದಲ್ಲಿ ಕಾಣುತ್ತಿತ್ತು. ಆದರೆ ಅದು ಯಜಮಾನ ಸಾಯುವವರೆಗೆ, ಸಾಲ ಮಾಡುವವರೆಗೆ, ಮಗಳ ಮದುವೆ ಮಾಡುವವರೆಗೆ ಮಾತ್ರ. ಇದನ್ನು ಬರೆದವರೇ ಹೇಳುತ್ತಾರೆ. ಹಾಗಾಗಿ ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಹಳೇಮೇಷ್ಟ್ರು

ಒಂದು ಬಿಟ್ಟೆ. ಬರೀಓದುಗ ಹೇಳಿದ ಆ ಯಜಮಾನರ ಹೆಸರಿನ ಜಗಳ ಇದೆಯಲ್ಲ, ಅದರ ಹಿಂದಿನ ಪುಟ ಮತ್ತೆ ನೋಡಿ. ಲಾಯ್ಡ್‌ಗೆ ತನ್ನ ಗುಲಾಮರೆಲ್ಲರ ಮುಖ ಪರಿಚಯ ಇರಲಿಲ್ಲ, ಅಷ್ಟು ಜನ. ದಾರಿಯಲ್ಲಿ ಸಿಕ್ಕ ಒಬ್ಬನನ್ನು "ನಿನ್ನ ಯಜಮಾನ ಹೇಗೆ ನೋಡಿಕೊಳ್ಳುತ್ತಾನೆ?" ಅಂತ ಕೇಳಿದ. ಇವನೇ ಆ ಯಜಮಾನ ಅಂತ ತಿಳಿಯದೆ ಪಾಪ, ಅವನು ನಿಜ ಹೇಳಿದ. ಎರಡು ಮೂರು ವಾರದಲ್ಲಿ ಅವನಿಗೆ ಕೋಳ ತೊಡಿಸಿ ಜಾರ್ಜಿಯಾದ ವ್ಯಾಪಾರಿಗೆ ಮಾರಿದರು. ಯಜಮಾನನನ್ನು ಹೊಗಳುವ ಅಭ್ಯಾಸ ಎಲ್ಲಿಂದ ಬಂತು ಅನ್ನೋದಕ್ಕೆ ಡಗ್ಲಸ್ ಇದನ್ನೇ ಮೊದಲು ಹೇಳುತ್ತಾರೆ, ಜಗಳದ ಕತೆ ಆಮೇಲೆ.

ಬರೀಓದುಗ

ಅಯ್ಯೋ, ಹೌದು ಮೇಷ್ಟ್ರೇ. ಓದಿದ್ದೆ, ಜೋಡಿಸಿಕೊಂಡಿರಲಿಲ್ಲ.

ಸೂಜಿಮೊನೆ

ಇಲ್ಲಿ ಎಲ್ಲರೂ ಗಂಡಸರ ಪುಸ್ತಕ ಹಿಡಿದು ಕೂತಿದ್ದೀರಿ, ನಾನು ಇಬ್ಬರು ಹೆಂಗಸರ ಬಗ್ಗೆ ಹೇಳುತ್ತೇನೆ. ನಾನು ಟೈಲರಿಂಗ್ ಮಾಡುವವಳು, ಹಾಗಾಗಿ ಮೊದಲು ಎಲಿಜಬೆತ್ ಕೆಕ್ಲಿ.

ಸೇಂಟ್ ಲೂಯಿಸ್‌ನಲ್ಲಿ ಯಜಮಾನನ ಮನೆಯಲ್ಲಿ ದುಡ್ಡಿಗೆ ತತ್ವಾರ. ಕೆಕ್ಲಿಯ ಮುದಿ ತಾಯಿಯನ್ನು ಬೇರೆಯವರ ಮನೆ ಕೆಲಸಕ್ಕೆ ಬಾಡಿಗೆಗೆ ಕಳಿಸುವ ಮಾತು ಬಂತು. ಬೇಡ, ನಾನು ದುಡಿಯುತ್ತೇನೆ ಅಂತ ಮಗಳು ಸೂಜಿ ಹಿಡಿದರು. ತಮ್ಮ ಸೂಜಿಯಿಂದಲೇ 17 ಜನರ ಹೊಟ್ಟೆ ತುಂಬಿಸಿದೆ ಅಂತ ಬರೆಯುತ್ತಾರೆ, ಎರಡು ವರ್ಷ ಐದು ತಿಂಗಳು. ಆ 17ರಲ್ಲಿ ಯಜಮಾನನ ಕುಟುಂಬವೂ ಸೇರಿತ್ತು! ಸಾಕುತ್ತಿದ್ದವಳು ಗುಲಾಮಳು, ಕೂತು ತಿನ್ನುತ್ತಿದ್ದವರು ಒಡೆಯರು. 1855ರಲ್ಲಿ 1,200 ಡಾಲರ್ ಕೊಟ್ಟು ತಮ್ಮನ್ನೂ ಮಗನನ್ನೂ ಬಿಡಿಸಿಕೊಂಡರು. ಬಟ್ಟೆ ಹೊಲಿಸುತ್ತಿದ್ದ ಹೆಂಗಸರು ಸಾಲ ಕೊಟ್ಟಿದ್ದರು, ಅದನ್ನೂ ಹೊಲಿದೇ ತೀರಿಸಿದರು. ಆಮೇಲೆ ಅಧ್ಯಕ್ಷ ಲಿಂಕನ್ ಹೆಂಡತಿಯ ಬಟ್ಟೆ ಹೊಲಿದವರು ಇವರೇ.

ಮನೆಯೊಳಗಿನ ಕೆಲಸ ಸುಖ ಅನ್ನುವವರಿಗೆ ಒಂದು ಮಾತು. ಕೆಕ್ಲಿಗೆ ಮೊದಲ ಕೆಲಸ ಸಿಕ್ಕಾಗ ನಾಲ್ಕು ವರ್ಷ. ಕೂಸಿನ ತೊಟ್ಟಿಲು ತೂಗೋದು. ಖುಷಿಯಲ್ಲಿ ಜೋರಾಗಿ ತೂಗಿ ಕೂಸು ಕೆಳಗೆ ಬಿತ್ತು. ಏನು ಮಾಡಬೇಕು ತಿಳಿಯದೆ ಒಲೆಯ ಸಲಿಕೆಯಿಂದ ಎತ್ತಲು ಹೋದರು, ಮಗು ತಾನೇ. ಅದಕ್ಕೆ ಚಾಟಿ ಏಟು. ಅವರು ಕಂಡ ಮೊದಲ ಏಟು ಅದು.

ಎರಡನೆಯವರು ಹ್ಯಾರಿಯೆಟ್ ಜೇಕಬ್ಸ್. 1861ರಲ್ಲಿ ಬೇರೆ ಹೆಸರಿಟ್ಟುಕೊಂಡು ಬರೆದರು. ಅಪ್ಪ ಬಡಗಿ, ಒಳ್ಳೆ ಕೆಲಸಗಾರ. ವರ್ಷಕ್ಕೆ 200 ಡಾಲರ್ ಯಜಮಾನಿಗೆ ಕಟ್ಟಿದರೆ ತನ್ನ ಕಸುಬು ತಾನು ಮಾಡಿಕೊಳ್ಳಬಹುದು. ಮನೆ ನೆಮ್ಮದಿಯಾಗಿತ್ತು. ತಾನು ಗುಲಾಮಳು ಅಂತ ಆರು ವರ್ಷದವರೆಗೆ ಜೇಕಬ್ಸ್‌ಗೆ ಗೊತ್ತೇ ಇರಲಿಲ್ಲ. ಆದರೆ ಅಪ್ಪ ಮಕ್ಕಳನ್ನು ಕೊಂಡುಕೊಳ್ಳಲು ಎಷ್ಟು ಸಲ ದುಡ್ಡು ಹಿಡಿದು ಹೋದರೂ ಕೊಡಲಿಲ್ಲ. ಮುಂದೆ ಈ ಹುಡುಗಿ ಒಬ್ಬ ಡಾಕ್ಟರ ಮನೆ ಸೇರಿದಳು. ಹೊಲದ ಕೆಲಸ ಇಲ್ಲ, ಹೊಟ್ಟೆಗೆ ಬಟ್ಟೆಗೆ ಅಜ್ಜಿ ನೋಡಿಕೊಳ್ಳುತ್ತಿದ್ದರು. ಆದರೆ 15 ತುಂಬುತ್ತಿದ್ದ ಹಾಗೆ ಆ ಮನುಷ್ಯ ಬೆನ್ನು ಬಿದ್ದ. ಮನೆಯೊಳಗೆ ಇದ್ದರೆ ಎಲ್ಲಿಗೆ ಓಡೋದು? ಕೊನೆಗೆ ಅಜ್ಜಿ ಮನೆಯ ಸೂರಿನಡಿ, ಮೂರು ಅಡಿ ಎತ್ತರದ ಒಂದು ಗೂಡಿನಲ್ಲಿ ಹತ್ತಿರ ಹತ್ತಿರ ಏಳು ವರ್ಷ ಅಡಗಿದ್ದರು.

ಡಗ್ಲಸ್ ಹೇಳಿದ ಆ ಲಾಯ್ಡ್ ಮೇಜಿನ ಹಿಂದೆ ರೇಷ್ಮೆ ಉಟ್ಟು ನಿಂತಿದ್ದ ಹುಡುಗಿಯರಿಗೆ ರಾತ್ರಿ ಏನಾಗುತ್ತಿತ್ತು ಅಂತ ಕೇಳಿಕೊಂಡು ಓದಿ.

ನೇರಮಾತು

ಅಕ್ಕಾ, ಮಾತು ವಾಪಸ್ ತಗೊಂಡೆ.

ಘಟ್ಟದಮೇಲಿನವ

ಮಧ್ಯೆ ಬರುತ್ತಿದ್ದೇನೆ. ನಮ್ಮ ಉತ್ತರ ಕನ್ನಡದಲ್ಲಿ, ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಜನ ಇದ್ದಾರೆ. ಅವರ ಹಿರಿಯರಲ್ಲಿ ತುಂಬಾ ಜನ ಪೋರ್ಚುಗೀಸರು ಗೋವಾಕ್ಕೆ ತಂದ ಆಫ್ರಿಕದ ಗುಲಾಮರು. ಇತ್ತ ಬಿಜಾಪುರದಲ್ಲಿ ನೋಡಿದರೆ ಆಫ್ರಿಕ ಮೂಲದ ಇಖ್ಲಾಸ್ ಖಾನ್ ಆದಿಲ್‌ಶಾಹಿ ಮಂತ್ರಿ. ಅಹಮದ್‌ನಗರದಲ್ಲಿ ಮಲಿಕ್ ಅಂಬರ್, ಹಲವು ಸಲ ಮಾರಾಟವಾದವನು ಕೊನೆಗೆ ರಾಜ್ಯವನ್ನೇ ನಡೆಸಿದ. ಇದೂ ಗುಲಾಮರೊಳಗಿನ ಅಂತಸ್ತೇ ಅಲ್ವಾ?

ಹಳೇಮೇಷ್ಟ್ರು

ಹೌದು, ಆದರೆ ಎರಡು ವ್ಯತ್ಯಾಸ. ದಖ್ಖನಿನಲ್ಲಿ ಸೈನಿಕ ಗುಲಾಮನಿಗೆ ಮೇಲೇರುವ ಏಣಿ ಇತ್ತು. ಅಮೆರಿಕದ ತೋಟದಲ್ಲಿ ಕಮ್ಮಾರ ಎಷ್ಟೇ ಜಾಣನಾದರೂ ಅವನ ಮೊಮ್ಮಗನೂ ಗುಲಾಮನೇ. ಎರಡನೆಯದು, ಇಲ್ಲಿ ನಾವು ಮಾತಾಡುತ್ತಿರುವುದು ಅವರೇ ಹೇಳಿದ ಕತೆ. ಅಂಬರ್ ಬಗ್ಗೆ ಬರೆದವರು ಆಸ್ಥಾನದವರು, ಶತ್ರುಗಳು. ಬೇರೆ ದಾರ (ಥ್ರೆಡ್) ಹಾಕಿ ಚರ್ಚಿಸೋಣ, ಚೆನ್ನಾಗಿರುತ್ತದೆ.

ಹೊಸಬಳು

ಒಂದು ಸಣ್ಣ ಅನುಮಾನ. ಡಗ್ಲಸ್ ಹಡಗುಕಟ್ಟೆಯ ಕೆಲಸಗಾರ, ಕೆಕ್ಲಿ ದರ್ಜಿ, ಜೇಕಬ್ಸ್ ಮನೆಕೆಲಸದವರು. ಬರೆದವರೆಲ್ಲ ಮೇಲಿನ ಪದರದವರೇ ಆದರಲ್ಲ? ಬರೀ ಹತ್ತಿ ಬಿಡಿಸಿದವರ ಮಾತು ಎಲ್ಲಿದೆ?

ಹಳೇಮೇಷ್ಟ್ರು

ಈ ದಾರದಲ್ಲಿ ಇದೇ ಒಳ್ಳೆಯ ಪ್ರಶ್ನೆ ಕಣಮ್ಮ.

ಓದು ಕಲಿಯಲು, ದುಡ್ಡು ಕೂಡಿಡಲು, ಊರು ಬಿಟ್ಟು ಓಡಾಡಲು ಅವಕಾಶ ಇದ್ದವರೇ ತಪ್ಪಿಸಿಕೊಂಡದ್ದು ಜಾಸ್ತಿ. ಬಾಲ್ಟಿಮೋರ್ ಪಟ್ಟಣಕ್ಕೆ ಕಳಿಸದೇ ಇದ್ದಿದ್ದರೆ ಡಗ್ಲಸ್‌ಗೆ ಅಕ್ಷರವೂ ಇಲ್ಲ, ಪುಸ್ತಕವೂ ಇಲ್ಲ. ಪಟ್ಟಣದ ಗುಲಾಮ ತೋಟದ ಗುಲಾಮನ ಮುಂದೆ ಬಹುಪಾಲು ಸ್ವತಂತ್ರನೇ ಅಂತ ಅವರೇ ಬರೆದಿದ್ದಾರೆ. 1848ರಲ್ಲಿ ಜಾರ್ಜಿಯಾದಿಂದ ತಪ್ಪಿಸಿಕೊಂಡ ಕ್ರಾಫ್ಟ್ ದಂಪತಿಯನ್ನು ನೋಡಿ. ಗಂಡ ಮರಗೆಲಸ ಮಾಡಿ ಕಾಸು ಕೂಡಿಟ್ಟಿದ್ದ. ಹೆಂಡತಿ ಬೆಳ್ಳಗಿದ್ದಳು, ದೊಡ್ಡವರ ನಡೆನುಡಿ ಮನೆಯೊಳಗೇ ನೋಡಿ ಕಲಿತಿದ್ದಳು. ಅವಳು ಕಾಯಿಲೆಯ ಬಿಳಿ ಯಜಮಾನನ ವೇಷ ಹಾಕಿದಳು, ಗಂಡ ಆಳಾದ. ರೈಲು, ಹಡಗು ಹತ್ತಿ ಕ್ರಿಸ್ಮಸ್ ದಿನ ಗುಲಾಮಗಿರಿ ಇಲ್ಲದ ಫಿಲಡೆಲ್ಫಿಯಾ ಮುಟ್ಟಿದರು. ಬರೆಯಲು ಬಾರದು ಅಂತ ಗೊತ್ತಾಗದಿರಲಿ ಅಂತ ಬಲಗೈಗೆ ಬಟ್ಟೆ ಕಟ್ಟಿಕೊಂಡಿದ್ದಳು! ಹತ್ತಿ ಹೊಲದ ಹೆಣ್ಣಿಗೆ ಈ ಉಪಾಯ ಎಲ್ಲಿಂದ ಬರಬೇಕು?

ಬರೆಯಲಾಗದವರ ಮಾತು ಎರಡು ಕಡೆ ಸಿಗುತ್ತದೆ. ಒಂದು, ಬರೆಸಿದ ಪುಸ್ತಕ. ಬರ್ಮುಡಾದ ಮೇರಿ ಪ್ರಿನ್ಸ್ 1831ರಲ್ಲಿ ಲಂಡನ್‌ನಲ್ಲಿ ಹೇಳಿ ಬರೆಸಿದ್ದು. ಉಪ್ಪಿನ ಗದ್ದೆಯಲ್ಲಿ ನಿಂತು ಕಾಲು ಹುಣ್ಣಾದವರು ಅವರು. ಆಮೇಲೆ ಆಂಟಿಗಾದಲ್ಲಿ ಬಟ್ಟೆ ಒಗೆದು, ಕಾಫಿ, ಗೆಣಸು ಮಾರಿ ಕಾಸು ಕೂಡಿಸಿದರು. ಆದರೆ ಬಿಡುಗಡೆ ಮಾರಲು ಯಜಮಾನ ಒಪ್ಪಲೇ ಇಲ್ಲ. ಇನ್ನೊಂದು, 1936ರಿಂದ 38ರವರೆಗೆ ಅಮೆರಿಕ ಸರ್ಕಾರ ಬರೆಸಿದ 2,300ಕ್ಕೂ ಜಾಸ್ತಿ ಸಂದರ್ಶನಗಳು. ಅಲ್ಲಿ ಹೊಲದವರು ತುಂಬಾ ಜನ ಸಿಗುತ್ತಾರೆ. ಆದರೆ ಹುಷಾರಾಗಿ ಓದಬೇಕು. ಹೇಳುವವರಿಗೆ ಎಂಬತ್ತು ದಾಟಿದೆ, ಗುಲಾಮಗಿರಿ ಮುಗಿದಾಗ ಅವರು ಮಕ್ಕಳು. ಕೇಳುವವರು ಬಹುತೇಕ ಅದೇ ಊರಿನ ಬಿಳಿಯರು. ಹೊರಗೆ ಬಡತನ. ಲಾಯ್ಡ್‌ಗೆ ನಿಜ ಹೇಳಿದವನ ಗತಿ ನೆನಪಿದೆಯಲ್ಲ?

ಬರೀಓದುಗ

ಹಾಗಾದರೆ ಮೇಲಿನವರು ತಮ್ಮ ಮೇಲುತನದ ಬಗ್ಗೆ ಏನು ಅಂದುಕೊಂಡಿದ್ದರು? ಹೆಮ್ಮೆಯಾ, ನಾಚಿಕೆಯಾ?

ಕಾಫಿತೋಟ

ಎರಡೂ ಒಟ್ಟಿಗೆ ಬೇಕಿದ್ದರೆ ಜೊಸಾಯಾ ಹೆನ್ಸನ್ ಓದಿ, 1849. ಮೇರಿಲ್ಯಾಂಡಿನಲ್ಲಿ ಯಜಮಾನನ ಇಡೀ ಬೇಸಾಯ ನೋಡಿಕೊಳ್ಳುತ್ತಿದ್ದವರು. ನಂಬಿಕಸ್ಥ ಅನ್ನುವ ಹೆಸರೇ ಅವರ ಆಸ್ತಿ. 1825ರಲ್ಲಿ ಸಾಲಗಾರರ ಕೈಗೆ ಸಿಗದಿರಲಿ ಅಂತ ಯಜಮಾನ 18 ಗುಲಾಮರನ್ನು ಇವರ ಕೈಗೇ ಕೊಟ್ಟು ಕೆಂಟಕಿಗೆ ಕಳಿಸಿದ. ಜೊತೆಗೆ ಬಿಳಿಯರು ಯಾರೂ ಇಲ್ಲ! ದಾರಿಯಲ್ಲಿ ಸಿನ್ಸಿನಾಟಿ. ಅದು ಗುಲಾಮಗಿರಿ ಇಲ್ಲದ ನೆಲ. ಇಳಿದುಬಿಡಿ, ನೀವೆಲ್ಲ ಸ್ವತಂತ್ರರು ಅಂತ ಅಲ್ಲಿನ ಕರಿಯರು ಹೇಳಿದರು. ಜೊತೆಯವರ ಕಣ್ಣು ಅರಳಿತು. ಹೆನ್ಸನ್ ಒಪ್ಪಲಿಲ್ಲ. ಕೊಟ್ಟ ಮಾತು ತಪ್ಪಬಾರದು ಅಂತ ದೋಣಿ ಮುಂದಕ್ಕೆ ಬಿಡಿಸಿದರು.

ಮೂರು ವರ್ಷದ ನಂತರ ಅದೇ ಜನರನ್ನು ಕಣ್ಣೆದುರು ಹರಾಜು ಹಾಕಿದರು, ಇವರ ಸಂಸಾರ ಒಂದನ್ನು ಬಿಟ್ಟು. ತಾಯಂದಿರ ಅಳು ಕೇಳಿ, ಇದಕ್ಕೆ ನಾನೇ ಕಾರಣ ಅಂತ ಸಾಯುವವರೆಗೂ ಕೊರಗಿದರು. ಮುಂದೆ ಇವರನ್ನೂ ಮಾರಲು ಹೊರಟರು. 1830ರಲ್ಲಿ ಹೆಂಡತಿ ಮಕ್ಕಳ ಜೊತೆ ಕೆನಡಾಕ್ಕೆ ಓಡಿದರು.

ಹಳೇಮೇಷ್ಟ್ರು

ನಾಚಿಕೆ ಅಲ್ಲ, ಅದಕ್ಕೆ ಹೆಸರಿಲ್ಲ ಅನ್ನುವಂಥದ್ದು ವಿಲಿಯಮ್ ವೆಲ್ಸ್ ಬ್ರೌನ್ ಬರೆದದ್ದು, 1847. ಇವರು ಮನೆಯಾಳು. ಊಟ ಬಟ್ಟೆ ಚೆನ್ನಾಗಿತ್ತು, ಹೊಲದ ಗಂಟೆ ಹೊಡೆದ ಅರ್ಧ ಗಂಟೆಯ ಮೇಲೆ ಎದ್ದರೆ ಸಾಕಿತ್ತು. ತಾಯಿ ಹೊಲದಾಳು. ಒಂದು ಬೆಳಿಗ್ಗೆ ತಾಯಿ ಹೊಲಕ್ಕೆ ಹತ್ತು ಹದಿನೈದು ನಿಮಿಷ ತಡವಾಗಿ ಹೋದಳು. ಹಾಸಿಗೆಯಲ್ಲಿ ಮಲಗಿದ್ದ ಹುಡುಗನಿಗೆ ಚಾಟಿಯ ಒಂದೊಂದು ಸದ್ದೂ, ತಾಯಿಯ ನರಳಾಟವೂ ಕೇಳುತ್ತಿತ್ತು. ಆ ಅರ್ಧ ಗಂಟೆ ನಿದ್ದೆಯೇ ಅವನ ಅಂತಸ್ತು.

ಸೂಜಿಮೊನೆ

ಮೇಷ್ಟ್ರೇ, ಇದನ್ನು ಓದಿ ಮಷೀನ್ ಬಿಟ್ಟು ಎದ್ದು ಹೋದೆ ಸ್ವಲ್ಪ ಹೊತ್ತು.

ಜೇಕಬ್ಸ್ ಅಜ್ಜಿಯ ಕತೆ ಹೇಳಲೇ ಇಲ್ಲ ನಾನು. ಅಜ್ಜಿ ಮಾಡುವ ಬಿಸ್ಕತ್ತು ಊರಲ್ಲೆಲ್ಲ ಹೆಸರುವಾಸಿ. ಹಗಲೆಲ್ಲ ಯಜಮಾನಿಯ ಕೆಲಸ, ರಾತ್ರಿ ಸುಟ್ಟು ಮಾರುವುದು. ಮುಂದೆ ಬಿಡುಗಡೆಯೂ ಸಿಕ್ಕಿತು. 1831ರಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮನ ಮುಂದಾಳತ್ವದಲ್ಲಿ ಗುಲಾಮರ ದಂಗೆ ಆದಾಗ ಊರಿನ ಬಡ ಬಿಳಿಯರು ಕರಿಯರ ಮನೆ ಜಾಲಾಡಲು ಬಂದರು. ಬರುತ್ತಾರೆ ಅಂತ ಗೊತ್ತಾಗಿ ಜೇಕಬ್ಸ್ ಬೇಕಂತಲೇ ಮನೆ ಒಪ್ಪ ಮಾಡಿ, ಬಿಳಿ ಹೊದಿಕೆ ಹಾಸಿ, ಹೂವಿಟ್ಟು ಕಾದರು. ಕರಿಯರು ನೆಮ್ಮದಿಯಾಗಿ ಇರುವುದನ್ನು ಕಂಡರೆ ಅವರಿಗೆ ಹೊಟ್ಟೆ ಉರಿಯುತ್ತದೆ ಅಂತ ಗೊತ್ತಿತ್ತು! ಬಂದವರು ಇಷ್ಟು ಮೇಜುಬಟ್ಟೆ ಇವರಿಗೆ ಎಲ್ಲಿಂದ ಬಂತು ಅಂತ ಗೊಣಗಿದರು.

ಹೊಸಬಳು

ಬಿಸ್ಕತ್ತಿನ ದುಡ್ಡು ಅಜ್ಜಿಗೇ ಉಳಿಯುತ್ತಿತ್ತಾ ಅಕ್ಕಾ?

ಸೂಜಿಮೊನೆ

ಎಲ್ಲಿ? ಮಕ್ಕಳನ್ನು ಬಿಡಿಸಿಕೊಳ್ಳಲು ಕೂಡಿಟ್ಟ 300 ಡಾಲರನ್ನು ಯಜಮಾನಿ ಸಾಲ ಕೇಳಿ ಇಸಕೊಂಡಳು. ಅವಳು ಸತ್ತಳು. ಅಳಿಯ ಲೆಕ್ಕ ನೋಡಿ, ಆಸ್ತಿಯೆಲ್ಲ ದಿವಾಳಿ, ತೀರಿಸಲು ಕಾನೂನು ಬಿಡುವುದಿಲ್ಲ ಅಂದ. ಆ ದುಡ್ಡಲ್ಲಿ ಯಜಮಾನಿ ಬೆಳ್ಳಿಯ ದೀಪದ ಕಂಬ ಕೊಂಡಿದ್ದಳು. ಅದನ್ನು ಇಟ್ಟುಕೊಳ್ಳಬಾರದು ಅಂತ ಕಾನೂನು ಹೇಳಿರಲಿಲ್ಲವಲ್ಲ. ಅದು ಆ ಮನೆಯಲ್ಲೇ ಉಳಿಯಿತು.